ರಟ್ಟಿನೊಳಗಿನ ಮುಖ

ಶಹಾಬಾದಿನವರಿಗೆ ಕಲ್ಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೋಡೆಗೆ ಕಲ್ಲು, ನೆಲಕ್ಕೆ ಕಲ್ಲು, ಚರಂಡಿಗೆ ಕಲ್ಲು, ಕೊನೆಗೆ ಗೋರಿಗೂ ಅದೇ ಕಲ್ಲು. ಅಂಥ ಊರಿಗೆ ಜರ್ಮನಿಯ ಕಲ್ಲು ಬಂದಿತ್ತು ಎಂದರೆ ಕೇಳಿದವರು ನಗದೆ ಇರುತ್ತಾರೆಯೇ? ಗುರುಲಿಂಗಯ್ಯನವರ ತಂದೆ ನಿಜಾಮರ ಕಾಲದಲ್ಲಿ ಹೈದರಾಬಾದಿನ ಹಳೆಯ ಛಾಪಖಾನೆಯೊಂದನ್ನು ಕೊಂಡು ತಂದಾಗ ಅದರ ಜೊತೆ ಹನ್ನೊಂದು ಜರ್ಮನ್ ಕಲ್ಲುಗಳೂ ರೈಲಿನಲ್ಲಿ ಬಂದಿಳಿದವು. ಹೊತ್ತ ಹಮಾಲರು, "ಸಮುದ್ರಕ್ಕ ಉಪ್ಪು ಹೊರೋ ಮಂದಿ ನೋಡಪ್ಪ ಇವ್ರು" ಎಂದು ದಾರಿಯುದ್ದಕ್ಕೂ ಆಡಿಕೊಂಡರಂತೆ. ಆದರೆ ಊರ ಕಲ್ಲಿನ ಮೇಲೆ ಅಚ್ಚಿನ ಮಸಿ ಸರಿಯಾಗಿ ನಿಲ್ಲುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಛಾಪಖಾನೆಯ ಮಟ್ಟಿಗೆ ನಿಜವೇ ಆಗಿತ್ತು.

ಕಲ್ಲಚ್ಚಿನಲ್ಲಿ ಸೀಸದ ಮೊಳೆಗಳಿಲ್ಲ. ನುಣ್ಣಗೆ ಮಸೆದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಶಾಯಿ ಉರುಳಿಸಬೇಕು. ಬರೆದ ಕಡೆ ಶಾಯಿ ಹಿಡಿಯುತ್ತದೆ, ಒದ್ದೆಯಾದ ಕಡೆ ಹಿಡಿಯುವುದಿಲ್ಲ. ಕಾಗದವಿಟ್ಟು ಒತ್ತಿದರೆ ಅಚ್ಚು ಬಂತು. ಬೇಕಾದಷ್ಟು ಪ್ರತಿ ತೆಗೆದ ಮೇಲೆ ಮರಳು ಹಾಕಿ ಮಸೆದುಬಿಟ್ಟರೆ ಕಲ್ಲು ಮತ್ತೆ ಬೋಳಾಗಿ ಮುಂದಿನ ಕೆಲಸಕ್ಕೆ ತಯಾರು. ತೊಡಕು ಒಂದೇ. ಕಲ್ಲಿನ ಮೇಲೆ ಇದ್ದದ್ದು ಕಾಗದದ ಮೇಲೆ ಎಡಬಲ ತಿರುಗಿ ಬೀಳುತ್ತದೆ. ಆದ್ದರಿಂದ ಕಲ್ಲಿನ ಮೇಲೆ ಎಲ್ಲವನ್ನೂ ತಿರುವಿ ಬರೆಯುವವನೊಬ್ಬ ಬೇಕು.

ಹಾಗೆ ಬರೆಯುವವನು ಖಾಜಾಮಿಯಾ. ಹನ್ನೆರಡನೆಯ ವಯಸ್ಸಿಗೆ ಕಲ್ಲಿನ ಮುಂದೆ ಕೂತವನ ಕೈಯಲ್ಲಿ ಉರ್ದು ಎಡದಿಂದ ಹೊರಟರೆ ಕನ್ನಡ ಬಲದಿಂದ ಹೊರಡುತ್ತಿತ್ತು. "ಇಂವಗ ಸ್ವರ್ಗದ ಬಾಗಲಾ ಸೈತ ಉಲ್ಟಾನೇ ಕಾಣಸ್ತದ" ಎಂದು ಈಗಿನ ಮಾಲೀಕ ಗುರುಲಿಂಗಯ್ಯನವರು ಛೇಡಿಸುತ್ತಿದ್ದರು. ಅವನ ಅಂಗಿಯ ಜೇಬಿನಲ್ಲಿ ಒಂದು ದುಂಡು ಕನ್ನಡಿ ಇರುತ್ತಿತ್ತು. ಕಲ್ಲಿನ ಮೇಲಿನ ಬರಹವನ್ನು ಗಿರಾಕಿಗಳಿಗೆ ಅದರಲ್ಲಿ ತೋರಿಸುತ್ತಿದ್ದ. ಅವನಿಗೆ ಮಾತ್ರ ಕನ್ನಡಿಯ ಹಂಗಿರಲಿಲ್ಲ. ಕಲ್ಲನ್ನು ನೋಡುತ್ತಲೇ ಕಾಗದ ಹೇಗೆ ಬಂದೀತು ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ಇದು ಅವನ ಹೆಮ್ಮೆ. ಮನುಷ್ಯನಿಗೆ ಪೆಟ್ಟು ಬೀಳುವುದೂ ಅಲ್ಲಿಯೇ, ಅವನು ಹೆಮ್ಮೆಪಡುವ ಜಾಗದಲ್ಲಿ.

ರಾಜ್ಯ ಒಂದಾಗಿ ನಾಲ್ಕೈದು ವರ್ಷ ಕಳೆದಿತ್ತು. ಸೇಡಂ ಹೆಣ್ಣುಮಕ್ಕಳ ಶಾಲೆಯ ಲಲಿತಾಬಾಯಿ ಎಂಬ ಶಿಕ್ಷಕಿ ಕಾಗಿಣಾ ದಂಡೆಯ ಹಳ್ಳಿಗಳಲ್ಲಿ ತಿರುಗಿ ಹೆಂಗಸರು ಬೀಸುವಾಗ ಹಾಡುವ ಪದಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದರು. ಅವನ್ನು ಪುಸ್ತಕ ಮಾಡಲು ಅವರು ಬೇರೆಲ್ಲೂ ಹೋಗದೆ ಈ ಮುದುಕ ಛಾಪಖಾನೆಗೇ ಬಂದರು. ಮೊಳೆಯ ಅಕ್ಷರ ಅವರಿಗೆ ಸೇರುತ್ತಿರಲಿಲ್ಲ. "ಬಾಯಿಂದ ಬಂದ ಹಾಡ್ರಿ ಇವು. ಕೈಲೆ ಬರದಂಗೇ ಕಾಣಬೇಕು" ಎಂದರು. ಖಾಜಾಮಿಯಾನಿಗೆ ಆ ಮಾತು ಹಿಡಿಸಿತು. ಒಂದು ಪುಟಕ್ಕೆ ಒಂದೇ ಹಾಡು ಇಟ್ಟ. ಸುತ್ತ ಅಗಲವಾಗಿ ಜಾಗ ಬಿಟ್ಟ. ಯಾಕೆ ಇಷ್ಟು ಕಾಗದ ದಂಡ ಎಂದು ಗುರುಲಿಂಗಯ್ಯನವರು ಗೊಣಗಿದರೆ, "ಓದೋರ ಹೆಬ್ಬೆಟ್ಟು ಹಾಡಿನ ಮ್ಯಾಲ ಬೀಳಬಾರದ್ರಿ ಅಯ್ಯನೋರ" ಎಂದ. ಪುಟದ ಅಡಿಯಲ್ಲಿ ಎಲ್ಲೋ ಒಂದು ಮೊರ, ಎಲ್ಲೋ ಒಂದು ಒನಕೆ, ಎಲ್ಲೋ ಜೋಳದ ತೆನೆ ಬಿಡಿಸಿದ. ಉಳಿದದ್ದು ಮೊದಲ ಪುಟದ ದೊಡ್ಡ ಚಿತ್ರ ಮಾತ್ರ, ಬೀಸುಗಲ್ಲಿನ ಮುಂದೆ ಕೂತ ಹೆಣ್ಣುಮಗಳು.

ಆ ಹೆಣ್ಣುಮಗಳಿಗಾಗಿ ಖಾಜಾಮಿಯಾ ದೂರ ಹುಡುಕಬೇಕಾಗಿರಲಿಲ್ಲ. ಪುಸ್ತಕದ ಏಳು ಹಾಡುಗಳನ್ನು ಲಲಿತಾಬಾಯಿಗೆ ಹೇಳಿಕೊಟ್ಟವಳೇ ಅವನ ಹೆಂಡತಿ ರಶೀದಾಬೇಗಂ. ಅವಳು ಎಡಗೈಯವಳು. ಎಡಗೈಯಿಂದ ಬೀಸುತ್ತಾಳೆ, ಹಿಟ್ಟಿನ ಬರಕತ್ತು ಹೋಗಿ ಮನೆಗೆ ಸಾಲದಾಗುತ್ತದೆ ಎಂದು ಅತ್ತೆ ಸಾಯುವ ತನಕ ಬೈದದ್ದೇ ಬೈದದ್ದು. ಅವಳು ಕೇಳಿದ್ದೇ ಇಲ್ಲ. ಆ ವರ್ಷ ಅವಳಿಗೆ ಎದೆಯ ರೋಗ ಹತ್ತಿತ್ತು. ಡಾಕ್ಟರು ಬೀಸುವುದು ಬೇಡ, ಮಗುವನ್ನು ಎತ್ತುವುದೂ ಬೇಡ ಎಂದಿದ್ದರು. ಮಗಳು ಶಹರಬಾನು ಆಗ ಇನ್ನೂ ಗೋಡೆ ಹಿಡಿದು ನಡೆಯುತ್ತಿತ್ತು.

ರಶೀದಾಳ ಒಂದೇ ಒಂದು ಫೋಟೊ ಇರಲಿಲ್ಲ. ಅವಳ ತಂದೆ ಮಸೀದಿಯಲ್ಲಿ ಓದಿಸುವವರು. ಚಿತ್ರವಿರುವ ಮನೆಗೆ ದೇವದೂತರು ಕಾಲಿಡುವುದಿಲ್ಲ ಎಂದು ಕೇಳಿಕೊಂಡೇ ಬೆಳೆದವಳು. ಅದಕ್ಕೇ ಖಾಜಾಮಿಯಾ ಭಯದಿಂದಲೇ ಕೇಳಿದ. ಅವಳು ಬಾಗಿಲು ಮುಂದೆ ಮಾಡಿ ಬಂದು, "ಪುಸ್ತಕದಾಗಿನ ಹೆಂಗಸು ನಾನೇ ಅಂತ ಯಾರಿಗೂ ಹೇಳಬಾರದು. ಚಿತ್ರ ಮನ್ಯಾಗ ಒಂದ ರಾತ್ರಿ ಸೈತ ಉಳೀಬಾರದು" ಎಂದಳು. ಅವನು ಒಪ್ಪಿದ.

ಅವಳನ್ನು ಛಾಪಖಾನೆಗೆ ಕರೆತರುವಂತಿರಲಿಲ್ಲ. ಹಾಗಾಗಿ ಕಲ್ಲನ್ನೇ ಕೈಗಾಡಿಯಲ್ಲಿ ಮನೆಗೆ ತಂದ. ಅಂಗಳದ ಬಿಸಿಲಲ್ಲಿ ಅವಳು ಬೀಸುಗಲ್ಲಿನ ಮುಂದೆ ಕೂತಳು. ಡಾಕ್ಟರ ಮಾತು ಮೀರಿ ಒಂದು ಹಿಡಿ ಜೋಳವನ್ನೂ ಹಾಕಿದಳು. "ಸುಳ್ಳ ಸುಳ್ಳ ಕುಂದ್ರಾಕ ನಂಗ ಬರಂಗಿಲ್ರಿ." ಇವನು ಬಿಡಿಸತೊಡಗಿದ. ಅಷ್ಟರಲ್ಲಿ ಪಕ್ಕದ ಮನೆಯ ಕೋಳಿಯೊಂದು ಬಂದು ಅವನ ಪಕ್ಕದಲ್ಲಿ ಬಿದ್ದಿದ್ದ ಮಸಿಕಡ್ಡಿಯ ತುಂಡನ್ನು ಕಾಳೆಂದು ಕುಕ್ಕಿ, ಕೊಕ್ಕೆಲ್ಲ ಕಪ್ಪು ಮಾಡಿಕೊಂಡು ಕಿರುಚುತ್ತ ಓಡಿತು. ರಶೀದಾ ನಕ್ಕಳು. ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಕ್ಕಳು. ಅವನ ಕೈ ನಿಲ್ಲಲಿಲ್ಲ. ಅಷ್ಟು ಸಲೀಸಾಗಿ ಅವನ ಕೈ ಎಂದೂ ಓಡಿರಲಿಲ್ಲ.

ಮರುದಿನ ಛಾಪಖಾನೆಯಲ್ಲಿ ಒಂದೇ ಒಂದು ಕರಡು ಪ್ರತಿ ತೆಗೆದು, ಮಸಿ ಆರುವ ಮುಂಚೆಯೇ ಮನೆಗೆ ಓಡಿ ಬಂದು ಅವಳ ಮುಂದೆ ಹಿಡಿದ. ಅವಳು ನೋಡಿದಳು, ಹುಬ್ಬು ಗಂಟಿಕ್ಕಿದಳು, ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡಳು.

"ಇದು ನಾನಲ್ರಿ! ನನ್ನ ಮಚ್ಚಿ ಎಡಗಲ್ಲದ ಮ್ಯಾಲ ಅದ. ಇಕಿಗಿ ಬಲಗಲ್ಲದ ಮ್ಯಾಲ ಅದ. ಮತ್ತ ಇಕಿ ನೋಡಿದ್ರ ಬಲಗೈಲೆ ಬೀಸಾಕತ್ತಾಳ. ನಿಮ್ಮ ಅಮ್ಮಿ ಸಾಯೋತನಕ ಬಡಕೊಂಡ್ರೂ ತಿದ್ದಾಕ ಆಗಲಿಲ್ಲ, ನಿಮ್ಮ ಛಾಪಖಾನಿ ಒಂದ ದಿನದಾಗ ತಿದ್ದಿ ಬಿಟ್ಟಾದಲ್ಲ!"

ಖಾಜಾಮಿಯಾ ಬೆಪ್ಪಾದ. ಇಪ್ಪತ್ತು ವರ್ಷ ಉಲ್ಟಾ ಬರೆದ ಕೈ. ಅಕ್ಷರವಾಗಿದ್ದರೆ ನಿದ್ದೆಯಲ್ಲೂ ತಪ್ಪುತ್ತಿರಲಿಲ್ಲ. ಚಿತ್ರವಾಗಿದ್ದರೂ ಕಾಗದದ ಮೇಲೆ ಬಿಡಿಸಿ, ಮಗುಚಿ, ಕಲ್ಲಿಗೆ ಇಳಿಸುತ್ತಿದ್ದ. ಜೀವಂತ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ನೇರ ಕಲ್ಲಿನ ಮೇಲೆ ಬಿಡಿಸಿದ್ದು ಇದೇ ಮೊದಲು. ಅವಳನ್ನು ನೋಡುತ್ತ ನೋಡುತ್ತ ತಾನು ಛಾಪಖಾನೆಯವನು ಎಂಬುದನ್ನೇ ಮರೆತು, ಕಂಡದ್ದನ್ನು ಕಂಡ ಹಾಗೆ ಬಿಡಿಸಿಬಿಟ್ಟಿದ್ದ.

"ತಿದ್ದತೀನಿ" ಎಂದ.

"ತಿದ್ದರಿ. ನಾ ಪುಸ್ತಕದಾಗ ಹೋಗೂದಾದ್ರ ಎಡಗೈಯಾಕಿ ಆಗೇ ಹೋಗತೀನಿ. ಈಗ ಇದನ್ನ ಹೊರಗ ಒಯ್ರಿ."

ಅವನು ಅದನ್ನು ಛಾಪಖಾನೆಗೆ ಹಿಂದಕ್ಕೆ ಒಯ್ದು ರದ್ದಿ ಕಾಗದದ ಬುಟ್ಟಿಗೆ ಹಾಕಿದ. ಹೊಸ ಚಿತ್ರಕ್ಕೆ ಅವಳು ಮತ್ತೆ ಕೂರಲಿಲ್ಲ. ಆ ವಾರವೇ ಹಾಸಿಗೆ ಹಿಡಿದಳು. ಒಂಬತ್ತನೆಯ ದಿನ ಬೆಳಗ್ಗೆ ನೀರು ಕೇಳಿದಳು, ತಂದುಕೊಡುವಷ್ಟರಲ್ಲಿ ಇರಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಮುಗಿಸಿ ಖಾಜಾಮಿಯಾ ಛಾಪಖಾನೆಗೆ ಬಂದ. ಬೇರೆ ಪುಟಗಳೆಲ್ಲ ಅಚ್ಚಾಗಿದ್ದವು. ಮೊದಲ ಪುಟದ ಕಲ್ಲು, ಚಿತ್ರ ಕೆಡದಂತೆ ಗೋಂದು ಬಳಿದ ಹಾಗೆಯೇ, ಗೋಡೆಗೆ ಆನಿಸಿ ನಿಂತಿತ್ತು. ಗುರುಲಿಂಗಯ್ಯನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಖಾಜಾಭಾಯಿ, ಇದ್ದದ್ದು ಇದ್ದಂಗ ಛಾಪಿಸಿಬಿಡೋಣು. ಯಾವ ಕೈಲೆ ಬೀಸಿದ್ರ ಓದೋರಿಗೇನು?"

"ಮಾತು ಕೊಟ್ಟೀನ್ರಿ ಅಯ್ಯನೋರ" ಎಂದ ಖಾಜಾಮಿಯಾ.

ಮಸೆಯುವ ಆಳನ್ನು ಆಚೆ ಕಳಿಸಿ ತಾನೇ ಕೂತ. ಕಲ್ಲನ್ನು ಮಸೆಯುವುದೆಂದರೆ ಅದೂ ಒಂದು ಬೀಸುವ ಕೆಲಸವೇ. ಕಲ್ಲಿನ ಮೇಲೆ ಕಲ್ಲಿಟ್ಟು, ನಡುವೆ ಮರಳು ನೀರು ಹಾಕಿ, ದುಂಡಗೆ ತಿರುಗಿಸಬೇಕು. ಅಂಚಿನಿಂದ ಬೂದು ಬಣ್ಣದ ರಾಡಿ ಇಳಿದು ಬಾನಿಗೆ ಬೀಳುತ್ತದೆ. ಕೊಟ್ಟ ಮಾತು ನಡೆಸುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಅವನು ಒಂದು ಗಂಟೆ ತಿರುಗಿಸಿದ. ಕಲ್ಲು ಬಿಳಿಚಿಕೊಂಡು ನುಣ್ಣಗಾಯಿತು.

ಒಣಗಿದ ಕಲ್ಲಿನ ಮುಂದೆ ಹೊಸ ಚಿತ್ರಕ್ಕೆ ಕೂತು ಮಸಿಕಡ್ಡಿ ಎತ್ತಿದ. ಈ ಸಲ ತಪ್ಪಬಾರದು, ತಿರುವಿ ಬಿಡಿಸಬೇಕು, ಕಲ್ಲಿನ ಮೇಲೆ ಬಲಗೈ ಇದ್ದರೆ ಕಾಗದದ ಮೇಲೆ ಎಡಗೈ ಬರುತ್ತದೆ, ಹೋದ ಸಲ ಕಲ್ಲಿನ ಮೇಲೆ ಎಡಗೈಯೇ ಇತ್ತು ಎಂದು ಲೆಕ್ಕ ಹಾಕುತ್ತಿದ್ದವನ ಕೈ ಅಲ್ಲೇ ನಿಂತಿತು.

ಕಲ್ಲಿನ ಮೇಲೆ ಎಡಗೈಯೇ ಇತ್ತು. ಮಚ್ಚೆ ಎಡಗಲ್ಲದ ಮೇಲೆಯೇ ಇತ್ತು. ತಪ್ಪಾಗಿದ್ದದ್ದು ಕಾಗದ. ಕಲ್ಲಿನಲ್ಲಿ ಅವಳು ಸರಿಯಾಗಿಯೇ ಕೂತಿದ್ದಳು, ಅಂಗಳದಲ್ಲಿ ಕೂತಿದ್ದ ಹಾಗೆಯೇ, ಅವನ ಎದುರಿಗೆ. ನಲವತ್ತು ದಿನ ಆ ಗೋಡೆಗೆ ಆನಿಕೊಂಡು ಇದ್ದಳು. ಕಲ್ಲನ್ನು ಕಂಡಾಗಲೆಲ್ಲ ಅದರಿಂದ ಬರುವ ಕಾಗದವನ್ನೇ ನೋಡಿದವನು ಅವನು. ಕಲ್ಲನ್ನು ಕಲ್ಲಾಗಿ ನೋಡುವುದು ಜೀವಮಾನದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಎದ್ದು ಬಾನಿಯ ಹತ್ತಿರ ಹೋದ. ತಳದಲ್ಲಿ ರಾಡಿ ಕೂತಿತ್ತು. ಕೈ ಅದ್ದಿದ. ತನ್ನ ಕೈಯಾರೆ ತನ್ನ ಕಣ್ಣು ಚುಚ್ಚಿಕೊಂಡವನ ಹಾಗೆ ಅಲ್ಲೇ ಕುಕ್ಕರಿಸಿ ಅತ್ತ.

ಆದರೂ ಅವತ್ತು ಅವನಿಗೆ ಒಂದು ಧೈರ್ಯವಿತ್ತು. ಆರು ವರ್ಷ ಬೆಳಗ್ಗೆ ಸಂಜೆ ಕಂಡ ಮುಖ, ಮರೆಯುವುದುಂಟೇ? ನೆನಪಿನಿಂದಲೇ ಬಿಡಿಸಿದ. ಎಡಗೈ ಸರಿಯಾಗಿ ಬಂತು, ಮಚ್ಚೆ ಸರಿಯಾಗಿ ಬಂತು. ತುಟಿ ಬಿಗಿದು ಬೀಸುವ ಗಂಭೀರ ಹೆಂಗಸು. ಪುಸ್ತಕ ಕಂಡವರೆಲ್ಲ ಹೊಗಳಿದರು. ಲಲಿತಾಬಾಯಿ ಆ ಪುಟ ತೆರೆದು, ಗುರುತು ಹಿಡಿದವರ ಹಾಗೆ ಆ ಎಡಗೈಯ ಮೇಲೆ ಬೆರಳಿಟ್ಟರು. ಖಾಜಾಮಿಯಾನಿಗೆ ಮಾತ್ರ ಎಲ್ಲೋ ಏನೋ ಕಡಿಮೆ ಬಿದ್ದಿದೆ ಅನಿಸಿತು. ಏನೆಂದು ತಿಳಿಯಲಿಲ್ಲ. ಮುನ್ನೂರು ಪ್ರತಿಗಳು ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಶಾಲೆಗಳಿಗೆ ಹಂಚಿಹೋದವು.

ಶಹರಬಾನುಗೆ ಏಳು ತುಂಬಿದಾಗ ಒಂದು ದಿನ ಆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೇಳಿತು. "ಅಬ್ಬಾ, ಇಕಿ ನಮ್ಮ ಅಮ್ಮಿ ಅಂತ ಲಲಿತಾ ಅಕ್ಕೋರು ಅಂದ್ರು. ಹೌದೇನು? ಹಿಂಗೇ ಇದ್ಲೇನು?"

ಹೌದು ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪು ಹುಡುಕುವುದೇ ಕಸುಬಾದವನ ನಾಲಿಗೆ ಅಷ್ಟು ಸುಲಭಕ್ಕೆ ಹೊರಳುವುದಿಲ್ಲ. "ಹಿಂಗಲ್ಲ" ಎಂದ.

"ಮತ್ತ ಹ್ಯಾಂಗ?"

ಹೇಗೆಂದು ತೋರಿಸಲು ಪೆನ್ಸಿಲ್ ಹಿಡಿದು ಕೂತ. ಒಂದು ಬಿಡಿಸಿದ, ಹರಿದ. ಇನ್ನೊಂದು ಬಿಡಿಸಿದ. ಹುಬ್ಬು ಬಂತು, ಮೂಗು ಬಂತು, ಮುಖ ಬರಲಿಲ್ಲ. ಕಣ್ಣು ಮುಚ್ಚಿದರೂ ಕಾಣುವುದು ಪುಸ್ತಕದ ಆ ಬಿಗಿದ ತುಟಿಯ ಹೆಂಗಸೇ. ತಾನು ಬಿಡಿಸಿದ ಚಿತ್ರ ತನ್ನ ಹೆಂಡತಿಯನ್ನೇ ತಿಂದುಹಾಕಿದೆ ಎಂದು ಅವನಿಗೆ ಆವತ್ತು ಗೊತ್ತಾಯಿತು. ಮಗು ಕಾಯ್ದು ಕಾಯ್ದು, "ನಿನಗ ಗೊತ್ತಿಲ್ಲೇನು ಅಬ್ಬಾ?" ಎಂದು ಎದ್ದು ಹೋಯಿತು.

ಆಗ ನೆನಪಾಯಿತು, ಆ ಕರಡು ಪ್ರತಿ. ಓಡಿಹೋಗಿ ಬೈಂಡಿಂಗ್ ಮಾಡುವ ಶಹಾಬುದ್ದೀನನನ್ನು ಹಿಡಿದ. ಛಾಪಖಾನೆಯಲ್ಲಿ ಯಾವ ಕಾಗದವೂ ಕಸಕ್ಕೆ ಹೋಗುತ್ತಿರಲಿಲ್ಲ. ರದ್ದಿಯ ಹಾಳೆಗಳನ್ನು ಮೈದಾ ಗಂಜಿಯಿಂದ ಒಂದರ ಮೇಲೊಂದು ಅಂಟಿಸಿ, ಭಾರ ಇಟ್ಟು ಒಣಗಿಸಿದರೆ ಅದೇ ಪುಸ್ತಕದ ರಟ್ಟು. ಶಹಾಬುದ್ದೀನ ತಲೆ ಕೆರೆದುಕೊಂಡ.

"ಆ ಬುಟ್ಟೀದೆಲ್ಲ ಬೀಸೋ ಪದದ ಪುಸ್ತಕದ ರಟ್ಟಿಗೇ ಹಾಕೀನಿ ಖಾಜಾಭಾಯಿ. ಆದ್ರ ಯಾವ ಪುಸ್ತಕದ್ದು ಅಂತ ಹ್ಯಾಂಗ ಹೇಳ್ಲಿ? ಮುನ್ನೂರು ಪುಸ್ತಕ, ಆರುನೂರು ರಟ್ಟು!"

ಅಂದರೆ ರಶೀದಾ ಇದ್ದಳು. ಮೂರು ತಾಲ್ಲೂಕಿನ ಯಾವುದೋ ಶಾಲೆಯ ಕಪಾಟಿನಲ್ಲಿ, ಯಾವುದೋ ರಟ್ಟಿನ ಹೊಟ್ಟೆಯಲ್ಲಿ, ಲಗ್ನಪತ್ರಿಕೆಗಳ ನಡುವೆ ಅಂಟಿಕೊಂಡು ಇದ್ದಳು.

ಪುಸ್ತಕ ಕಟ್ಟಿದವನು ಪುಸ್ತಕ ಹರಿಯುವುದಿಲ್ಲ. ಖಾಜಾಮಿಯಾ ಬೇರೆ ದಾರಿ ಹಿಡಿದ. ಛಾಪಖಾನೆ ಮುಚ್ಚಿ, ಜರ್ಮನ್ ಕಲ್ಲುಗಳು ಯಾರದೋ ಬಚ್ಚಲಿಗೆ ಹಾಸುಗಲ್ಲಾದ ಮೇಲೆ ಅವನು ಬೈಂಡಿಂಗ್ ಕೆಲಸಕ್ಕೆ ಇಳಿದ. ವಾಡಿಯ ಬಸ್ಸಿನಲ್ಲಿ, ಕುರಕುಂಟಾದ ದಾರಿಯಲ್ಲಿ, ಎಲ್ಲಿ ಮೇಷ್ಟ್ರು ಸಿಕ್ಕರೂ ಒಂದೇ ಮಾತು. "ನಿಮ್ಮ ಸಾಲ್ಯಾಗ ಬೀಸೋ ಪದದ ಪುಸ್ತಕ ಅದ ಏನ್ರಿ? ರಟ್ಟು ಸಡಲಾಗಿದ್ರ ಕೊಡ್ರಿ, ಹೊಸದಾಗಿ ಕಟ್ಟಿಕೊಡತೀನಿ." ತಾನು ಬರೆದ ಪುಸ್ತಕದ ಮೇಲೆ ಇವನಿಗೆ ಹುಚ್ಚು ಮೋಹ ಎಂದು ಜನ ಅಂದುಕೊಂಡರು. ತಂದ ಪುಸ್ತಕದ ರಟ್ಟನ್ನು ರಾತ್ರಿಯೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ಬೆಳಗ್ಗೆ ಹಾಳೆ ಹಾಳೆಯಾಗಿ ಬಿಡಿಸುವುದು, ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಕಟ್ಟುವುದು. ಕೆಲವು ಪುಸ್ತಕಗಳು ಗೆದ್ದಲಿಗೆ ಹೋಗಿದ್ದವು, ಕೆಲವು ಮಳೆಗೆ. ಅಂಥ ಸುದ್ದಿ ಬಂದಾಗಲೆಲ್ಲ ಅವನು ಉಳಿದ ಪ್ರತಿಗಳನ್ನು ಮತ್ತೆ ಎಣಿಸುತ್ತಿದ್ದ. ಹತ್ತು ವರ್ಷ ಹೀಗೆ ಹೋಯಿತು. ಅಷ್ಟರಲ್ಲಿ ಎರಡು ಕಣ್ಣಿಗೂ ಮೋತಿಬಿಂದುವಿನ ಪೊರೆ ಬಂತು. ಮಗಳ ಮುಖವೂ ಹೊಗೆಯಲ್ಲಿ ಕಂಡ ಹಾಗೆ ಕಾಣತೊಡಗಿತು.

ಶಹರಬಾನುಗೆ ಮಳಖೇಡದ ಕಡೆಯ ಸಂಬಂಧ ಗಟ್ಟಿಯಾಗಿದ್ದ ವರ್ಷ, ಚಿಂಚೋಳಿಯ ನಾಗೇಂದ್ರಪ್ಪ ಮೇಷ್ಟ್ರು ಒಂದು ಪ್ರತಿ ತಂದು ಕೊಟ್ಟರು. ಬೆನ್ನು ಹರಿದಿತ್ತು, ಮೂಲೆಗಳು ಸವೆದಿದ್ದವು. "ಸಂಜೀಕ ಬಸ್ಸಿಗಿ ಹೋಗತೀನಿ. ಆಗೂದಾದ್ರ ಮಾಡಿಕೊಡ್ರಿ" ಎಂದು ಹೋದರು. ರಾತ್ರಿ ನೆನೆಸಿಡಲು ಸಮಯವಿರಲಿಲ್ಲ. ಬಿಸಿನೀರಿನ ಬಟ್ಟೆ ಹಾಕಿ, ಖಾಜಾಮಿಯಾ ಬೆರಳಿನಿಂದಲೇ ಹಾಳೆಗಳನ್ನು ಬಿಡಿಸುತ್ತ ಹೋದ. ಮಗಳು ಹೊಸ್ತಿಲ ಬೆಳಕಿನಲ್ಲಿ ಕೂತು ಒಂದೊಂದನ್ನೇ ಓದಿ ಹೇಳುತ್ತಿದ್ದಳು. ಅವಳಿಗೂ ಇದು ರೂಢಿಯಾಗಿತ್ತು.

"ಲಗ್ನಪತ್ರಿಕೆ. ಇದೂ ಲಗ್ನಪತ್ರಿಕೆ. ಇದು ಸಾಬೂನಿನ ಜಾಹೀರಾತು. ಇದು..."

ಅವಳು ಹಾಳೆಯನ್ನು ಹೊಸ್ತಿಲಿಗೆ ಇನ್ನಷ್ಟು ಹತ್ತಿರ ಒಯ್ದಳು.

"ಏನು ಬೇಟಾ?"

"ಬೀಸೋ ಹೆಂಗಸು, ಅಬ್ಬಾ."

ಅವನು ಮಂಡಿಯೂರಿ ಅವಳತ್ತ ಸರಿದ. "ಯಾವ ಕೈ? ಮಚ್ಚಿ ಯಾವ ಕಡೆ?"

"ಬಲಗೈ. ಬಲಗಲ್ಲ."

ಖಾಜಾಮಿಯಾ ಜೇಬಿನಿಂದ ದುಂಡು ಕನ್ನಡಿ ತೆಗೆದು ಅವಳತ್ತ ಚಾಚಿದ. "ಕನ್ನಡಿ ಒಳಗ ನೋಡು. ಕಾಗದದ ಮ್ಯಾಲ ನೋಡಬ್ಯಾಡ. ಕನ್ನಡಿ ಒಳಗ ಇದ್ದಾಕಿ ನಿಮ್ಮ ಅಮ್ಮಿ."

ಶಹರಬಾನು ಹಾಳೆಯನ್ನು ಕನ್ನಡಿಗೆ ಹಿಡಿದಳು. ತಾಯಿಯ ಮುಖವನ್ನು ಅವಳು ಬುದ್ಧಿ ಬಂದ ಮೇಲೆ ಮೊದಲ ಸಲ ನೋಡುತ್ತಿದ್ದಳು. ಕನ್ನಡಿಯನ್ನು ಬೆಳಕಿಗೆ ತಿರುಗಿಸಿಕೊಂಡಳು. ಆಮೇಲೆ ಮೂಗು ಸೇದಿದ ಸದ್ದು ಬಂತು.

"ಅಬ್ಬಾ, ಅಮ್ಮಿ ನಗಾಕತ್ತಾಳ."

"ನಗಾಕತ್ತಾಳ?"

"ಬಾಯಿ ತುಂಬ ನಗಾಕತ್ತಾಳ. ಮುಂದಿನ ಒಂದು ಹಲ್ಲು ಸ್ವಲ್ಪ ಮುರದಾದ."

ಖಾಜಾಮಿಯಾ ಗೋಡೆಗೆ ಒರಗಿದ. ಹಲ್ಲು. ಮದುವೆಯಾದ ಹೊಸದರಲ್ಲಿ ಖಾರೀಕು ಎಂಬ ಒಣ ಖರ್ಜೂರ ಕಡಿಯಲು ಹೋಗಿ ಮುರಿದುಕೊಂಡಿದ್ದಳು. ಅದಕ್ಕೇ ನಗುವಾಗ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಅಂದು ಒಂದು ಕೈ ಬೀಸುಗಲ್ಲಿನ ಗೂಟದ ಮೇಲೆ, ಇನ್ನೊಂದು ಕೈ ಜೋಳದ ಮೇಲೆ. ಸೆರಗು ಹಿಡಿಯಲು ಕೈ ಖಾಲಿ ಇರಲಿಲ್ಲ.

"ಕೋಳಿ ಬಂದಿತ್ತು" ಎಂದ, ಅಳುತ್ತ. "ಕೋಳಿ ಬಂದು ನನ್ನ ಮಸಿಕಡ್ಡಿ ಕುಕ್ಕಿತ್ತು. ಅದಕ್ಕ ನಕ್ಕಿದ್ಲು. ಯಾ ಖುದಾ, ಆಕಿ ಹಲ್ಲು ನಾ ಮರತಬಿಟ್ಟಿದ್ದೆ. ಇಷ್ಟು ವರ್ಷ ಆಕಿ ಬಾಯಿ ನಾನೇ ಮುಚ್ಚಿ ಮುಚ್ಚಿ ಬರದೆ."

ಶಹರಬಾನು ಅಪ್ಪನ ಕೈ ಹಿಡಿದುಕೊಂಡಳು. ಬಿಸಿಲು ಹೊಸ್ತಿಲಿನಿಂದ ಒಳಗೆ ಸರಿದು ಬಂತು.

"ಇದನ್ನ ಇಟ್ಟುಕೊಳ್ಳೋಣೇನು ಅಬ್ಬಾ?"

ಖಾಜಾಮಿಯಾ ಕಣ್ಣು ಒರೆಸಿಕೊಂಡ. "ಚಿತ್ರ ಮನ್ಯಾಗ ಒಂದ ರಾತ್ರಿ ಸೈತ ಉಳೀಬಾರದು ಅಂದಿದ್ಲು. ನಾ ಒಪ್ಪಿದ್ದೆ. ಇನ್ನೊಮ್ಮಿ ಚಂದಾಗಿ ನೋಡಿಕೋ ಬೇಟಾ. ನೀ ಮರೀಬ್ಯಾಡ. ಆಮ್ಯಾಲ ಗಂಜಿ ಕಲಸು, ಮೇಷ್ಟ್ರು ಬರೋ ಹೊತ್ತಾತು."

ಅವಳು ಎದ್ದು ಒಳಗೆ ಹೋದಳು. ತುಸು ತಡವಾಗಿ ಗಂಜಿಯ ಬಟ್ಟಲು ತಂದಿಟ್ಟು, ಹಾಳೆಗಳನ್ನು ಒಂದೊಂದಾಗಿ ಅವನ ಕೈಗೆ ಕೊಡತೊಡಗಿದಳು. ಲಗ್ನಪತ್ರಿಕೆ, ಲಗ್ನಪತ್ರಿಕೆ, ಜಾಹೀರಾತು.

"ಇದು ಅಮ್ಮೀದು" ಎಂದಳು.

ಅವನು ಹಾಳೆಯ ಮೇಲೆ ಬೆರಳಾಡಿಸಿದ. ಕಣ್ಣು ಹೋಗಿದ್ದರೂ ಬೆರಳು ಹೋಗಿರಲಿಲ್ಲ. ಹದಿನಾರು ವರ್ಷ ರಟ್ಟಿನೊಳಗೆ ಕೂತು ಬಂದ ಹಾಳೆ ಹೀಗಿರುವುದಿಲ್ಲ. ಇದರ ಮೇಲೆ ಹಳೆಯ ಗಂಜಿಯ ಒಂದು ಚೂರೂ ಇರಲಿಲ್ಲ, ಒದ್ದೆಯೂ ಇರಲಿಲ್ಲ. ಅಂಗಡಿಯಿಂದ ತಂದ ಹೊಸ ಕಾಗದ, ಅವಳ ನೋಟುಬುಕ್ಕಿನದು. ಅವನು ತಲೆ ಎತ್ತಿದ. ಎದುರಿಗೆ ಮಗಳು ಉಸಿರು ಬಿಗಿಹಿಡಿದು ಕೂತಿರುವುದು ಗೊತ್ತಾಗುತ್ತಿತ್ತು.

ಖಾಜಾಮಿಯಾ ಆ ಖಾಲಿ ಹಾಳೆಗೆ ಮೂಲೆಯಿಂದ ಮೂಲೆಗೆ ಗಂಜಿ ಬಳಿದು, ಅದರ ಜಾಗದಲ್ಲಿ ಇಟ್ಟು, ಅಂಗೈಯಿಂದ ಒತ್ತಿದ. ಸಂಜೆ ಮೇಷ್ಟ್ರು ಬಂದು, ಭಾಳ ಗಟ್ಟಿಯಾಗಿ ಕಟ್ಟೀರಿ ಎಂದು ಹೊಗಳಿ ಪುಸ್ತಕ ತೆಗೆದುಕೊಂಡು ಹೋದರು. ಚಿತ್ರ ಎಲ್ಲಿದೆ ಎಂದು ಅವನು ಮಗಳನ್ನು ಕೊನೆಯವರೆಗೂ ಕೇಳಲಿಲ್ಲ. ಅವಳ ಮದುವೆಯ ಹಿಂದಿನ ದಿನ ಮಾತ್ರ, ಬಟ್ಟೆ ತುಂಬುತ್ತಿದ್ದ ಟ್ರಂಕಿನೊಳಗೆ ಕೈ ಹಾಕಿ, ತನ್ನ ದುಂಡು ಕನ್ನಡಿಯನ್ನು ಇಟ್ಟ.